ಕೂತೇ ಓದುವ ನಾಯಕಿ

"ಮೇಲೆ ನೋಡ್ರೀ, ಮೇಲೆ," ಎಂದು ಚಂಪಾ ತುಟಿ ಅಲುಗಿಸದೆ ಹಲ್ಲಿನ ಸಂದಿಯಿಂದ ಹೇಳಿದಳು.

ತಿಪ್ಪೇರುದ್ರಸ್ವಾಮಿ ನೋಡಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, "ಗೌರೀ, ನಿನ್ನ ಈ ಕಣ್ಣುಗಳನ್ನು ಕಂಡ ಮೇಲೆ ನನಗೆ ಬೇರೆ ದೀಪ ಯಾಕೆ?" ಎಂದು ಅವಳ ಸೊಂಟದ ಡಾಬಿಗೆ ಹೇಳಿದ.

ಆಮೇಲೆ ಹಿಂದಿನಿಂದ ಒಂದು ಶಿಳ್ಳೆ ಬಂತು.

"ಅಲ್ಲೆಲ್ಲೈತಲೋ ಕಣ್ಣು?"

ಹೊನ್ನಾಳಿಯ ಮೈದಾನಕ್ಕೆ ಮೈದಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿದ್ದ ದೊಡ್ಡ ಮನುಷ್ಯರು ಪಕ್ಕದಲ್ಲಿದ್ದ ಹೆಂಡತಿಯರನ್ನು ನೆನೆದು ಗಂಭೀರರಾದರು. ಹಾರ್ಮೋನಿಯಂ ಮಾರಪ್ಪ ಮೇಷ್ಟ್ರು ಏನೂ ತೋಚದೆ ಹಾಡಿನ ಶ್ರುತಿ ಹಿಡಿದುಬಿಟ್ಟರು. ಹಾಡಿಗೆ ಇನ್ನೂ ಎರಡು ಪುಟ ಬಾಕಿಯಿತ್ತು.

ಪರದೆಯ ಪಕ್ಕದಲ್ಲಿ, ಮಡಿಲಲ್ಲಿ ನಾಟಕದ ನೋಟ್‌ಬುಕ್ಕು ಇಟ್ಟುಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು ಕೂತಿದ್ದ ಕರಿಬಸಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವನು ನೋಡುತ್ತಿದ್ದುದು ಚಂಪಾಳ ಸೊಂಟವನ್ನಲ್ಲ ಎಂದು ಆ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಎರಡು ತಿಂಗಳ ತಾಲೀಮಿನಲ್ಲಿ ಸರಿಯಾಗಿ ಅಷ್ಟೇ ಎತ್ತರದಲ್ಲಿ ಇದ್ದದ್ದು ಕರಿಬಸಮ್ಮನ ಮುಖ.

ಅದು ಎಪ್ಪತ್ತೈದನೆಯ ಇಸವಿ. ಆ ವರ್ಷ ಪೂರ್ತಿ ಮಹಿಳೆಯರದ್ದು ಎಂದು ರೇಡಿಯೋ ದಿನಾ ಹೇಳುತ್ತಿತ್ತು. ತುಂಗಭದ್ರಾ ಕಲಾವಿಲಾಸಿ ಸಂಘದ ಅಧ್ಯಕ್ಷರೂ, ಅಕ್ಕಿ ಗಿರಣಿಯ ಮಾಲೀಕರೂ, ಸಂಘದ ಎಲ್ಲ ನಾಟಕಗಳ ರಾಜರೂ ಮಾವಂದಿರೂ ಜಡ್ಜುಗಳೂ ಆದ ಮಹೇಶ್ವರಪ್ಪನವರು ಅದನ್ನು ಕೇಳಿಸಿಕೊಂಡು, ಮಹಿಳೆಯರ ಏಳಿಗೆಗಾಗಿ ನಾಲ್ಕೂರಲ್ಲಿ ನಾಲ್ಕು ನಾಟಕ ಆಡುವುದಾಗಿ ಸಾರಿದರು. ಹೊನ್ನಾಳಿಯಲ್ಲಿ ‘ಗೌರಿಯ ಹಠ’, ನ್ಯಾಮತಿಯಲ್ಲಿ ‘ಮಾವನ ಮೀಸೆ’, ಚನ್ನಗಿರಿಯಲ್ಲಿ ಹಾಡುಗಳೇ ತುಂಬಿದ ‘ರತ್ನಪುರಿಯ ರಾಜಕುಮಾರಿ’, ಕೊನೆಗೆ ಜಗಳೂರಿನಲ್ಲಿ ಅವರೇ ಬರೆದ ‘ಮಹಿಳೆಯೇ, ಮುಂದೆ ಬಾ’. ನಾಲ್ಕಕ್ಕೂ ಸೇರಿ ಇಪ್ಪತ್ತೊಂದು ಗಂಡು ನಟರು. ಮಹಿಳೆ ಒಬ್ಬಳೇ. ಅವಳು ಆಟದ ದಿನ ಸಾಯಂಕಾಲ ದಾವಣಗೆರೆಯಿಂದ ಬಸ್ಸಿನಲ್ಲಿ ಬರಬೇಕಿತ್ತು.

ಚಂಪಾ ಹತ್ತಾರು ಸಂಘಗಳ ನಾಯಕಿ. ಇವತ್ತು ಹರಿಹರದ ರಂಗದ ಮೇಲೆ ಒಬ್ಬ ಕಂಟ್ರಾಕ್ಟರನ ಹೆಂಡತಿಯಾದರೆ ನಾಳೆ ಹೊನ್ನಾಳಿಯಲ್ಲಿ ಗ್ರಾಮಸೇವಕನ ಪ್ರೇಯಸಿ. ತಾಲೀಮಿಗೆ ಬರಲು ಅವಳಿಗೆಲ್ಲಿ ಪುರಸೊತ್ತು? ಹಾಗಾಗಿ ತಾಲೀಮಿನಲ್ಲಿ ಹೆಣ್ಣಿನ ಮಾತು ಓದಲು ಯಾರಾದರೂ ಬೇಕಿತ್ತು. ಮೊದಲಿಗೆ ಅಂಚೆಯ ಪಾಪಣ್ಣ ಓದಿದ. ಅವನು "ಪ್ರಾಣಕಾಂತಾ" ಎಂದು ಗರ್ಜಿಸಿದಾಗ ಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಆಮೇಲೆ ಕರಿಬಸಮ್ಮನನ್ನು ಕರೆದರು. ಸಾಸ್ವೆಹಳ್ಳಿಯ ಹುಡುಗಿ, ಹೊನ್ನಾಳಿಯ ಪ್ರೈಮರಿ ಶಾಲೆಯ ಟೀಚರು, ಸೋದರತ್ತೆ ಅಜ್ಜಮ್ಮನ ಮನೆಯಲ್ಲಿ ವಾಸ, ವಯಸ್ಸು ಇಪ್ಪತ್ತನಾಲ್ಕು. ಎಂಥ ಕೆಟ್ಟ ಕೈಬರಹವನ್ನೂ ಓದಬಲ್ಲವಳು, ಮಕ್ಕಳ ದೆಸೆಯಿಂದ.

ಕರೆಯುವ ಮೊದಲು ಕಮಿಟಿ ಮೂರು ದಿನ ಚರ್ಚೆ ಮಾಡಿತ್ತು. ಮಾನವಂತರ ಮನೆಯ ಹೆಣ್ಣುಮಗಳು ಗಂಡಸರ ನಡುವೆ ಪ್ರೇಮದ ಮಾತು ಆಡುವುದೆಂದರೇನು? ದಾರಿ ಕಂಡುಹಿಡಿದವರು ಮಹೇಶ್ವರಪ್ಪನವರೇ.

"ಟೀಚರಮ್ಮ ಕುಂತೇ ಓದ್ಲಿ," ಎಂದಿದ್ದರು. "ಕುಂತು ಓದಿದ್ರೆ ಅದು ಓದು. ನಿಂತ್ರೆ ಆಕ್ಟಿಂಗು. ಕೈ ಎತ್ತಿದ್ರಂತೂ ಮುಗೀತು."

ಇಪ್ಪತ್ತೊಂದು ಗಂಡಸರೂ ಒಪ್ಪಿ ತಲೆಯಾಡಿಸಿದ್ದರು. ಸಂಜೆ ಆರರ ಮೇಲೆ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡರೆ ಚಕ್ರವರ್ತಿಗಳಾಗುತ್ತೇವೆಂದು ನಂಬಿದವರು ಅವರು. ಕೂತರೆ ಶೀಲ, ನಿಂತರೆ ಹಾದರ ಎಂದು ನಂಬಲು ಅವರಿಗೆ ಕಷ್ಟವೇನು?

ಹೀಗೆ ಎರಡು ತಿಂಗಳು ಕರಿಬಸಮ್ಮ ಶಾಲೆಯ ಬೆಂಚಿನ ಮೇಲೆ ಮೊಣಕಾಲು ಕೂಡಿಸಿ ಕೂತು ಓದಿದಳು. ಸ್ವಾಮಿ ಅವಳ ಮುಂದೆ ನಿಂತು, ಬಗ್ಗಿ, ಅವಳ ಮುಖಕ್ಕೆ ಮಾತಾಡಿದ. ಓದುತ್ತ ಓದುತ್ತ ಅವಳ ಕಾಲು ಬೆಂಚಿನ ಕೆಳಗೆ ತಾನಾಗಿ ಹೆಜ್ಜೆ ಹಾಕುತ್ತಿತ್ತು. ಗೌರಿ ಬಾಗಿಲು ತಳ್ಳಿಕೊಂಡು ಬರುವ ಕಡೆ ಅವಳ ಭುಜ ಮುಂದಾಗುತ್ತಿತ್ತು. ಅಧ್ಯಕ್ಷರು ಕೆಮ್ಮುತ್ತಿದ್ದರು. ಭುಜ ಹಿಂದಾಗುತ್ತಿತ್ತು.

ಅವಳಿಗೆ ಬೇಕಿದ್ದದ್ದು ಒಂದೇ. ಒಂದು ಸಲ, ಜನ ನೋಡುತ್ತಿರುವಾಗ, ತಾವು ನೋಡುತ್ತಿರುವುದು ಸಾಸ್ವೆಹಳ್ಳಿಯ ಕರಿಬಸಮ್ಮನನ್ನು ಎಂದು ಅವರೆಲ್ಲರಿಗೂ ಗೊತ್ತಿರುವಾಗ, ಎದ್ದು ನಿಂತು ಆ ಮಾತನ್ನು ಆಡಬೇಕು. ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ತಕ್ಕವರು ಅಲ್ಲಿ ಯಾರಿದ್ದರು?

*

ಮಾರನೆಯ ಸಂಜೆ ತಾಲೀಮಿನ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ಏನ್ರೀ ಸ್ವಾಮಿ, ಹೆಣ್ಮಗಳ ಸೊಂಟಕ್ಕೆ ಡೈಲಾಗ್ ಹೇಳಿದ್ರಲ್ಲ," ಎಂದರು ಮಹೇಶ್ವರಪ್ಪನವರು. "ನನ್ನ ಮನೆಯಾಕೆ ಬೆಳಿಗ್ಗೆಯಿಂದ ಮಾತಾಡಿಲ್ಲ."

"ತಪ್ಪು ನಂದಲ್ಲ ಸಾವ್ಕಾರ್ರೆ. ಟೀಚರ್ ಕುಂತಿರ್ತಾರೆ. ಕಣ್ಣಿಗೆ ಅದೇ ರೂಢಿ ಆಗೈತೆ. ಅವರು ನಿಂತ್ಕಂಡು ಓದಿದ್ರೆ ಸರಿಹೋಗ್ತೈತೆ."

ಕರಿಬಸಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಅವಳ ಬೆರಳು ಓದುತ್ತಿದ್ದ ಸಾಲಿನ ಮೇಲೆ ನಿಂತುಬಿಟ್ಟಿತು.

"ನಿಲ್ಲಾದು ಆಗಲ್ಲ," ಎಂದರು ಅಧ್ಯಕ್ಷರು. ಯೋಚಿಸಿದರು. ಅವರು ಯೋಚಿಸುವಾಗ ಇಡೀ ಸಂಘ ಅವರ ಹಣೆಯನ್ನು ನೋಡುತ್ತ ನಿಲ್ಲುತ್ತಿತ್ತು. "ಬೆಂಚನ್ನ ಟೇಬಲ್ ಮೇಲೆ ಇಡ್ರಿ."

ಇಟ್ಟರು. ಟೇಬಲ್ಲಿನ ಮೇಲೆ ಬೆಂಚು, ಬೆಂಚಿನ ಮೇಲೆ ಟೀಚರು. ಹತ್ತಲು ಒಂದು ಸ್ಟೂಲು. ಹಂಚಿಗೆ ತಲೆ ತಾಗುವಷ್ಟು ಎತ್ತರದಲ್ಲಿ ಕೂತು, ‘ಮಾವನ ಮೀಸೆ’ಯ ಸೊಸೆಯ ಮಾತು ಓದುತ್ತ, ಕರಿಬಸಮ್ಮ ಮೊದಲ ಸಲ ಇಪ್ಪತ್ತೊಂದು ಬೋಳುತಲೆ, ಬೈತಲೆ, ಎಣ್ಣೆ ತಲೆಗಳನ್ನು ಮೇಲಿಂದ ಕಂಡಳು. ಮೇಲಿಂದ ಇನ್ನೂ ಸಣ್ಣವರಾಗಿ ಕಂಡರು.

"ಅಲ್ಲಿ ಗಾಳಿ ಹೆಂಗೈತೆ ಟೀಚರ್?" ಎಂದು ಸ್ವಾಮಿ ಕತ್ತೆತ್ತಿ ಮೆಲ್ಲಗೆ ಕೇಳಿದ.

"ಕೆಳಗಿನ ವಾಸನೆ ಬರ್ತಿಲ್ಲ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಮೊದಲು ಸಣ್ಣದಾಗಿ, ಬಲಗಣ್ಣು ಯಾಕೋ ತಡವಾಗಿ ಸೇರಿಕೊಳ್ಳುತ್ತಿತ್ತು. ಆ ನಡುವಿನ ಚೂರು ಹೊತ್ತಿನಲ್ಲಿ ಅವನು ಅವಳನ್ನೇ ನೋಡುತ್ತಿದ್ದ. ಅವಳು ಪುಟ ತಿರುಗಿಸಿದಳು. ಎರಡು ಪುಟ ಒಟ್ಟಿಗೆ ತಿರುಗಿ, ಸೊಸೆ ಮದುವೆಗೆ ಮೊದಲೇ ಬಸುರಿಯಾದಳು. ಮಾರಪ್ಪ ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಿ ಕಿವಿಗೆ ಕೈಯಿಟ್ಟರು.

ಅವನು ಜಗಳೂರಿನ ಕಡೆಯವನು, ಗ್ರಾಮಸೇವಕ. ಸೈಕಲ್ಲಿನಲ್ಲಿ ಹಳ್ಳಿ ಸುತ್ತಿ ಜೋಳದ ತಳಿಯ ಬಗ್ಗೆ ರೈತರಿಗೆ ಹೇಳುವುದು ಅವನ ಕೆಲಸ. ರೈತರು ಕೇಳುತ್ತಿರಲಿಲ್ಲ. ಅವನೂ ಬೇಸರಪಡುತ್ತಿರಲಿಲ್ಲ. ನಟನೆ ಅವನ ಹತ್ತಿರ ಸುಳಿದಿರಲಿಲ್ಲ. ಕೋಪ ಬಂದರೂ, ಪ್ರೇಮ ಬಂದರೂ, ಅಪ್ಪ ಸತ್ತರೂ ಎಡಗೈ ಒಂದೇ ರೀತಿ ಮೇಲೆ ಹೋಗುತ್ತಿತ್ತು. ಕರಿಬಸಮ್ಮ ಅವನನ್ನೂ ಉಳಿದವರ ಸಾಲಿಗೇ ಸೇರಿಸಿ ತಿರಸ್ಕರಿಸಿದ್ದಳು. ಒಂದೇ ಒಂದು ತೊಡಕೆಂದರೆ, ಮನೆಗೆ ಹೋದ ಮೇಲೆ ಉಳಿದ ಇಪ್ಪತ್ತು ಜನರ ಮುಖ ಅವಳಿಗೆ ನೆನಪಾಗುತ್ತಿರಲಿಲ್ಲ.

ನ್ಯಾಮತಿಯಲ್ಲಿ ‘ಮಾವನ ಮೀಸೆ’ ಆದ ದಿನ ಸ್ವಾಮಿ ಚಂಪಾಳ ತಲೆಯ ಮೇಲೆ ಎರಡಡಿ ಎತ್ತರಕ್ಕೆ ನೋಡುತ್ತ, "ನೀನೇ ನನ್ನ ಜೀವ" ಎಂದ. ಜನ ಮೇಲೆ ಯಾರಿದ್ದಾರೆಂದು ತಾವೂ ಕತ್ತೆತ್ತಿದರು. ಯಾರೂ ಇರಲಿಲ್ಲ, ತೆಂಗಿನ ಗರಿಯ ಚಪ್ಪರ ಮಾತ್ರ ಇತ್ತು.

*

ಚನ್ನಗಿರಿಯ ಆಟಕ್ಕೆ ಒಂದು ವಾರವಿರುವಾಗ, ಒಂದು ಸಂಜೆ, ಗಂಡಸರೆಲ್ಲ ಹೋಟೆಲ್ಲಿಗೆ ಹೋದರು. ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ರತ್ನಪುರಿಯ ಸಾಮ್ರಾಜ್ಯ ನಡೆಯುತ್ತಿರಲಿಲ್ಲ. ಅಜ್ಜಮ್ಮ ಬಾಗಿಲ ಬಳಿ ಎಲೆ ಅಡಿಕೆ ಮೆಲ್ಲುತ್ತ ತೂಕಡಿಸುತ್ತಿದ್ದಳು. ಮಾರಪ್ಪ ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟಿದ್ದರು, ಉಸಿರು ಬಿಟ್ಟಾಗಲೆಲ್ಲ ಅದರ ಯಾವುದೋ ಒಂದು ಸ್ವರ ಸಣ್ಣಗೆ ನರಳುತ್ತಿತ್ತು.

ಕರಿಬಸಮ್ಮ ಬೆಂಚಿನಿಂದ ಇಳಿದಳು. ಟೇಬಲ್ಲಿನಿಂದ ಇಳಿದಳು. ಪುಸ್ತಕ ಮೇಲೆಯೇ ಬಿಟ್ಟಳು.

ಸ್ವಾಮಿಯ ಮುಂದೆ ಬಂದು ನಿಂತಳು.

ಅವನು ಮೊದಲು ಕೆಳಗೆ ನೋಡಿದ, ಆಮೇಲೆ ಮೇಲೆ ನೋಡಿದ, ಕೊನೆಗೆ ಸರಿಯಾದ ಜಾಗ ಸಿಕ್ಕಿತು. ಅವಳು ಅವನಷ್ಟೇ ಎತ್ತರವಿದ್ದಳು. ಮೂರು ತಿಂಗಳಾಗಿದ್ದರೂ ಇದು ಅವನಿಗೆ ತಿಳಿದಿರಲಿಲ್ಲ.

"ರಾಜಕುಮಾರ," ಎಂದಳು ಕರಿಬಸಮ್ಮ. ಓದುವ ದನಿಯಲ್ಲಲ್ಲ. "ಏಳು ಕೋಟೆ ದಾಟಿ ಬಂದವನಿಗೆ ಎಂಟನೆಯ ಬಾಗಿಲು ತಟ್ಟಲು ಹೆದರಿಕೆಯೇ?"

ಅವಳ ಕೈ ಎದ್ದಿತು. ಕೋಣೆಯ ಸುಣ್ಣದ ಗೋಡೆ, ಗೋಡೆಯ ಮೇಲಿನ ಭೂಪಟ, ಮೂಲೆಯಲ್ಲಿದ್ದ ಕಸಬರಿಗೆ ಎಲ್ಲವೂ ದೂರ ಸರಿದು, ಅಲ್ಲಿ ನಿಜವಾಗಿಯೂ ಒಂದು ಬಾಗಿಲು ಇದ್ದ ಹಾಗೆ ಅವನಿಗೆ ಅನಿಸಿತು. ಅವನು ಬಾಯಿ ತೆರೆದ. ಪಾತ್ರದ ಮಾತು ಮರೆತಿತ್ತು.

"ಹೇಳಿಕೊಡ್ರೀ," ಎಂದು ಪಿಸುಗುಟ್ಟಿದ.

"ಪುಸ್ತಕ ಮೇಲೈತೆ."

"ಹಂಗಾದ್ರೆ ಪುಸ್ತಕದಾಗೆ ಇಲ್ದಿರೋದು ಹೇಳ್ಲಾ?"

"ಹೇಳ್ರಿ. ಅದಾದ್ರೂ ನೆಟ್ಟಗೆ ಹೇಳ್ರಿ."

ಅವನ ಎಡಗೈ ಮೇಲೆ ಹೋಗಲಿಲ್ಲ. ಎರಡೂ ಕೈ ಪಕ್ಕದಲ್ಲಿ ಜೋತು ಬಿದ್ದಿದ್ದವು, ಯಾರದೋ ಕೈಗಳ ಹಾಗೆ. "ನನಗೆ ನಾಟಕ ಬರಲ್ಲ ಟೀಚರ್."

"ಅದು ಎರಡು ಊರಿಗೆ ಗೊತ್ತೈತೆ. ಮುಂದೆ?"

"ಮೊದಲ ದಿನ ನೀವು ಆ ಬೆಂಚಿನ ಮೇಲೆ ಕುಂತು ಓದಿದ್ರಲ್ಲ, ಅವತ್ತೇ ಬಿಟ್ಟು ಹೋಗಾಕೆ ಬಂದಿದ್ದೆ ನಾನು. ಪಾತ್ರ ಬ್ಯಾಡ ಅಂತ ಹೇಳಾಕೆ. ಹೇಳ್ಲಿಲ್ಲ. ದಿನಾ ನಿಮ್ಮ ಮುಂದೆ ನಿಂತ್ಕಣಾಕೆ ಬೇರೆ ಏನು ನೆಪ ಐತೆ ನನಗೆ?"

ಕರಿಬಸಮ್ಮನಿಗೆ ಒಂದು ಚುಚ್ಚುಮಾತು ಹೊಳೆಯಿತು. ಅವಳಿಗೆ ಯಾವಾಗಲೂ ಹೊಳೆಯುತ್ತಿತ್ತು. ಈ ಸಲ ಅದು ಗಂಟಲಿನ ತನಕ ಬಂದು ಕರಗಿತು. ಅವನ ಅಂಗಿಯ ಎರಡನೆಯ ಗುಂಡಿ ಬೇರೆ ಬಣ್ಣದ್ದೆಂದು ಅವಳು ಅವತ್ತು ಕಂಡಳು. ಅದನ್ನು ಅವನೇ ಹೊಲಿದುಕೊಂಡಿರಬೇಕು, ದಾರ ಅಡ್ಡಾದಿಡ್ಡಿ ಸುತ್ತಿತ್ತು.

"ನಾನು ಈಗ ನಿಂತದ್ದು ಹೆಂಗಿತ್ತು?" ಎಂದು ಕೇಳಿದಳು.

"ಚಂಪಾ ನಿಮ್ಮ ಮುಂದೆ ಏನೂ ಅಲ್ಲ."

"ಅದನ್ನ ಅಧ್ಯಕ್ಷರ ಮುಂದೆ ಹೇಳ್ತೀರಾ?"

ಅವನು ಹೇಳುತ್ತೇನೆಂದು ತಲೆಯಾಡಿಸಿದ. ಅಷ್ಟರಲ್ಲಿ ಬಾಗಿಲಲ್ಲಿ ಮಂಡಕ್ಕಿಯ ವಾಸನೆಯೊಂದಿಗೆ ಸಾಮ್ರಾಜ್ಯ ಮರಳಿ ಬಂತು. ಕರಿಬಸಮ್ಮ ಸ್ಟೂಲು ಹತ್ತಿದಳು.

ಆ ವಾರ ಅವನು ಹೇಳಲಿಲ್ಲ. ಸಮಯ ನೋಡುತ್ತಿದ್ದೇನೆ ಎಂದ.

ಚನ್ನಗಿರಿಯಲ್ಲಿ ಸ್ವಾಮಿಯ ಕಣ್ಣಿನ ಎತ್ತರ ಸರಿಯಾಗಿತ್ತು, ದಿಕ್ಕು ಮಾತ್ರ ತಪ್ಪಿತ್ತು. ಹಾಡು ಹಾಡುವಾಗಲೆಲ್ಲ ಅವನು ಪರದೆಯ ಪಕ್ಕಕ್ಕೆ ತಿರುಗಿಕೊಂಡ. ರಾಜಕುಮಾರಿ ಈ ಕಡೆ ತೋಳು ಚಾಚಿ ನಿಂತರೆ ರಾಜಕುಮಾರ ಆ ಕಡೆ ಕತ್ತಲೆಗೆ ಪ್ರೇಮ ನಿವೇದನೆ ಮಾಡುತ್ತಿದ್ದ. ಕತ್ತಲೆಯಲ್ಲಿ ಕೂತವಳು ಬ್ಯಾಟರಿ ಆರಿಸಿ, ಪುಸ್ತಕ ಮುಚ್ಚಿ, ಆ ಮೂರು ಹಾಡನ್ನೂ ಪೂರ್ತಿ ಕೇಳಿದಳು. ಅಪಶ್ರುತಿಯೇ. ಆದರೂ ಕೇಳಿದಳು.

ಆಟ ಮುಗಿದ ಮೇಲೆ ಚಂಪಾ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಉಜ್ಜಿ ತೆಗೆಯುತ್ತ, ಕನ್ನಡಿಯೊಳಗಿಂದಲೇ ಮಾತಾಡಿದಳು.

"ಹುಡುಗಿ, ಆ ಮನುಷ್ಯ ಮೂರು ಊರಲ್ಲಿ ಒಂದು ದಿನಾನೂ ನನ್ನ ಮುಖ ನೋಡಿಲ್ಲ. ನಾನು ಹದಿನೆಂಟು ವರ್ಷದಿಂದ ಆಡ್ತಾ ಇದೀನಿ, ಇಂಥ ಅವಮಾನ ಆಗಿರಲಿಲ್ಲ." ಅವಳು ನಕ್ಕಳು. ಎಣ್ಣೆಯಲ್ಲಿ ಹುಬ್ಬು ಕರಗಿ ಕೆನ್ನೆಗೆ ಇಳಿದಿತ್ತು. "ಮದುವೆ ಆಗ್ತಾನಂತಾ?"

"ಇನ್ನೂ ಕೇಳಿಲ್ಲ."

"ಕೇಳ್ತಾನೆ. ಒಳ್ಳೇವನೇ ಅದಾನೆ. ಒಳ್ಳೇವರು ಕೇಳೋವಾಗ ಜಾಸ್ತಿ ಹುಷಾರಾಗಿರಬೇಕು. ಕೆಟ್ಟವರಿಗೆ ಇಲ್ಲ ಅನ್ನಾಕೆ ಸುಲಭ."

*

ಡಿಸೆಂಬರಿನ ಕೊನೆಯ ವಾರ ಸಂಘ, ಕರಿಬಸಮ್ಮನ ಕಾವಲಿಗೆ ಅಜ್ಜಮ್ಮನೂ ಸೇರಿ, ಲಾರಿಯಲ್ಲಿ ಜಗಳೂರಿಗೆ ಬಂತು. ದಾರಿಯುದ್ದಕ್ಕೂ ಮಹೇಶ್ವರಪ್ಪನವರು ಮುಂದಿನ ಸೀಟಿನಲ್ಲಿ ಕೂತು ತಮ್ಮ ನಾಟಕದ ಕೊನೆಯ ಭಾಷಣ ಬಾಯಿಪಾಠ ಮಾಡಿದರು. ಅದರಲ್ಲಿ ಜಡ್ಜು ಹೆಣ್ಣುಕುಲವನ್ನು ಒಂಬತ್ತು ನಿಮಿಷ ಎಚ್ಚರಿಸುತ್ತಾನೆ. ನಾಯಕಿ ಅಷ್ಟೂ ಹೊತ್ತು ಕೈ ಮುಗಿದು ನಿಂತಿರುತ್ತಾಳೆ.

ಸ್ವಾಮಿಯ ಊರು ಅಲ್ಲಿಂದ ನಾಲ್ಕು ಮೈಲಿ. ಅವನ ತಾಯಿ ಗಾದ್ರಮ್ಮ, ಸೋದರಮಾವ ತಿಪ್ಪೇಶಪ್ಪ, ಇನ್ನೂ ಹತ್ತು ಹನ್ನೆರಡು ಜನ ಗಾಡಿ ಕಟ್ಟಿಕೊಂಡು ಮಧ್ಯಾಹ್ನವೇ ಬಂದು ಮುಂದಿನ ಸಾಲು ಹಿಡಿದಿದ್ದರು.

ನಾಲ್ಕು ಗಂಟೆಗೆ ದಾವಣಗೆರೆಯ ಬಸ್ಸು ಬಂತು. ಚಂಪಾ ಬರಲಿಲ್ಲ. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ಆಯಮ್ಮಂಗೆ ಗಂಟಲು ಕಟ್ಟೈತಂತೆ, ಒಂದು ಮಾತೂ ಹೊರಡ್ತಿಲ್ಲ, ಹೇಳಾಕೆ ಹೇಳಿದ್ರು," ಎಂದ. ಬಸ್ಸು ಹೋಯಿತು.

ಇಪ್ಪತ್ತೊಂದು ಗಂಡಸರು ಧೂಳಿನಲ್ಲಿ ನಿಂತಿದ್ದರು. ಒಬ್ಬನಿಗೂ ಏನೂ ಹೊಳೆಯಲಿಲ್ಲ. ಪಾಪಣ್ಣನಿಗೆ ಸೀರೆ ಉಡಿಸೋಣವೇ ಎಂದು ಯಾರೋ ಅಂದರು. ಪಾಪಣ್ಣ ಮೀಸೆ ಮುಟ್ಟಿಕೊಂಡು ಎರಡು ಮಾರು ದೂರ ಹೋದ.

ಬಣ್ಣದ ಕೋಣೆಯೆಂದು ಕೊಟ್ಟಿದ್ದ ಶಾಲೆಯ ಕೊಠಡಿಯಲ್ಲಿ ಕರಿಬಸಮ್ಮ ಒಬ್ಬಳೇ ಕೂತಿದ್ದಳು. ಅವಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಹೊರಗೆ ಮೈಕಿನವನು "ಹಲೋ, ಹಲೋ" ಎಂದು ಬೆರಳಲ್ಲಿ ತಟ್ಟುತ್ತಿದ್ದುದೂ ಅದೇ ಸದ್ದೆನಿಸಿತು. ಅವಳಿಗೆ ಪ್ರತಿ ಮಾತೂ ಗೊತ್ತು. ತನ್ನದು ಮಾತ್ರವಲ್ಲ, ಎಲ್ಲರದ್ದೂ. ಈಗ ಅವರು ಬಂದು ಕೇಳಲೇಬೇಕು. ಬೇರೆ ದಾರಿಯೇ ಇಲ್ಲ.

ಹೊತ್ತು ಇಳಿಯುವಾಗ ಸ್ವಾಮಿ ಬಂದ. ತೋಳಿನ ಮೇಲೆ ಚಂಪಾಗೆಂದು ತಂದಿದ್ದ ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಬಣ್ಣದ ಡಬ್ಬಿ. ಅವನ ಮುಖ ಹೊಳೆಯುತ್ತಿತ್ತು.

"ಒಪ್ಪಿಸಿದೆ ಟೀಚರ್. ಅಧ್ಯಕ್ಷರು ಒಪ್ಪಿದ್ರು. ನೀವೇ ಮಾಡೋದು. ನಿಂತು, ಕೈ ಎತ್ತಿ, ಎಲ್ಲಾ."

ಅವಳು ಎದ್ದಳು. "ನಿಜವಾಗಿ?"

"ನಿಜವಾಗಿ. ಒಂದು ಗಂಟೆ ಜಗಳ ಆಡಿದೀನಿ. ಜೀವಮಾನದಾಗೆ ಅಷ್ಟು ಮಾತಾಡಿರಲಿಲ್ಲ ನಾನು."

ಅವನು ಸೀರೆಯನ್ನು ಅವಳ ಕಡೆ ಚಾಚಿದ. ಅವಳು ಸೆರಗು ಮುಟ್ಟಿದಳು. ಜರಿ ಒರಟಾಗಿತ್ತು. ಬೆರಳ ತುದಿಗೆ ಅವನ ಬೆರಳು ತಾಗಿತು, ಇಬ್ಬರೂ ಹಿಂದಕ್ಕೆ ತೆಗೆಯಲಿಲ್ಲ. ಕಿಟಕಿಯ ಬಿಸಿಲು ಅವನ ಕಣ್ಣಿನ ರೆಪ್ಪೆಯನ್ನು ಜೇನಿನ ಬಣ್ಣ ಮಾಡಿತ್ತು. ಈ ಪೆದ್ದನನ್ನು ತಾನು ಪ್ರೀತಿಸುತ್ತೇನೆ ಎಂದು ಅವಳಿಗೆ ಸ್ಪಷ್ಟವಾಗಿ, ಯಾವ ಚುಚ್ಚುಮಾತೂ ಅಡ್ಡ ಬಾರದೆ, ತಿಳಿಯಿತು.

"ಬೇಗ ಬಣ್ಣ ಹಚ್ಕಳ್ರಿ," ಎಂದ ಅವನು. "ದಪ್ಪಕೆ ಹಚ್ಚಬೇಕು. ಚಂಪಾನ್ನ ಈ ಊರಲ್ಲಿ ಯಾರೂ ನೋಡಿಲ್ಲ, ಅದೇ ನಮ್ಮ ಅದೃಷ್ಟ. ಕರಪತ್ರದಾಗೆ ಹೆಂಗೂ ಚಂಪಾ ಅಂತಾನೇ ಐತೆ."

ಅವಳ ಬೆರಳು ಸೆರಗಿನ ಮೇಲೆಯೇ ಇತ್ತು. "ಅಂದ್ರೆ?"

"ಅಂದ್ರೆ ಇವತ್ತು ನೀವೇ ಚಂಪಾ. ಯಾರಿಗೂ ಗೊತ್ತಾಗಲ್ಲ. ಪರದೆ ಬಿದ್ದ ಮೇಲೆ ಹಿಂದಿನ ಬಾಗಿಲಿಂದ ಹೋಗಿ, ಯಾರ ಕಣ್ಣಿಗೂ ಬೀಳದಂಗೆ ಲಾರಿಯಾಗೆ ಕುಂತ್ಬಿಡ್ರಿ." ಅವನು ಉಸಿರೆಳೆದುಕೊಂಡ. "ನಾಳೆ ಬೆಳಿಗ್ಗೆ ಅತ್ತೆಯವರ ಜತೆ ನಮ್ಮನೆಗೆ ಬರ್ರಿ. ಕರಿಬಸಮ್ಮ ಟೀಚರಾಗಿ. ಅವ್ವಂಗೆ ಹೇಳಿದೀನಿ, ನೋಡಾಕೆ ಹೆಣ್ಣು ಬರ್ತಾಳೆ ಅಂತ. ಮದುವೆ ಮಾತು ನಾಳೇನೇ ಮುಗಿಸ್ತೀನಿ."

"ಇವತ್ತು ರಾತ್ರಿ ನೋಡಿದೋಳೇ ಅಂತ ನಿಮ್ಮ ಅವ್ವಂಗೆ ಗೊತ್ತಾಗಲ್ವಾ?"

"ಬಣ್ಣ ದಪ್ಪಕಿದ್ರೆ ಗೊತ್ತಾಗಲ್ಲ."

"ಮೈಕಿನಾಗೆ ಹೇಳಿಸ್ರಿ. ನಾಯಕಿಯ ಪಾತ್ರದಲ್ಲಿ ಸಾಸ್ವೆಹಳ್ಳಿಯ ಕರಿಬಸಮ್ಮ ಅಂತ. ಅಷ್ಟೇ. ಬೇರೇನೂ ಬ್ಯಾಡ ನನಗೆ."

ಅವನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. ಅವನಿಗೆ ನಟನೆ ಬರುತ್ತಿರಲಿಲ್ಲ. "ಮುಂದಿನ ಸಾಲಿನಾಗೆ ಅವ್ವ ಕುಂತಾಳೆ, ಟೀಚರ್. ನಾಟಕದೋಳನ್ನ ಮನೆಗೆ ತರ್ತೀಯ ಅಂತ ಅಲ್ಲೇ ಎದ್ದು ಹೋಗ್ತಾಳೆ. ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳ್ರಿ."

"ನಿಮ್ಮನ್ನ ಏನೂ ಅನ್ನಲ್ಲ. ನೀವೂ ನಾಟಕದೋರೇ ಅಲ್ವಾ?"

"ನಾನು ಗಂಡಸು," ಎಂದ ಅವನು. ಆ ಮಾತು ತಾನೇ ಕೇಳಿಸಿಕೊಂಡು ಕೆಂಪಾದ.

"ಮದುವೆ ಆದಮೇಲೆ?"

"ಮದುವೆ ಆದಮೇಲೆ ಇದೆಲ್ಲ ಯಾಕೆ? ಆಸೆ ಇವತ್ತಿಗೆ ತೀರ್ತದಲ್ಲ. ನಿಮಗೆ ಸ್ಟೇಜೂ ಸಿಕ್ತು, ನನಗೆ ನೀವೂ ಸಿಕ್ಕಿದ್ರಿ. ಯಾರಿಗೂ ಬೇಜಾರಿಲ್ಲ." ಅವನು ಇನ್ನೂ ಹತ್ತಿರ ಬಂದ. ದನಿ ಇಳಿಯಿತು. "ಇವತ್ತು ನಾನು ಆಡೋ ಒಂದೊಂದು ಮಾತೂ ನಿಮಗೇನೇ. ಅದು ನನಗೆ ಗೊತ್ತಿರ್ತೈತೆ, ನಿಮಗೆ ಗೊತ್ತಿರ್ತೈತೆ. ಸಾಲದಾ?"

ಬಾಗಿಲಲ್ಲಿ ಗಂಡಸರು ಗುಂಪುಗೂಡಿದ್ದರು. ಅರ್ಧ ಬಣ್ಣ ಹಚ್ಚಿದ ಮುಖಗಳು, ಅಂಟಿಸದ ಮೀಸೆಗಳು. ಎಲ್ಲರ ಮುಂದೆ ಕಪ್ಪು ಕೋಟು ತೊಟ್ಟ ಮಹೇಶ್ವರಪ್ಪನವರು, ಹೆಣ್ಣುಕುಲವನ್ನು ಎಚ್ಚರಿಸಲು ತಯಾರಾಗಿ. "ಹೊತ್ತಾತು ಟೀಚರಮ್ಮ, ಬೇಗ," ಎಂದರು. ಅವರ ದನಿಯಲ್ಲಿ ಮೊದಲ ಸಲ ಬೇಡಿಕೆಯಿತ್ತು.

ಕರಿಬಸಮ್ಮ ಸ್ವಾಮಿಯನ್ನು ನೋಡಿದಳು. ಅವನು ಅವಳ ಕಣ್ಣನ್ನೇ ನೋಡುತ್ತಿದ್ದ, ಚೂರೂ ಮೇಲಲ್ಲ, ಚೂರೂ ಕೆಳಗಲ್ಲ. ಯಾವ ಮಾತೂ ಮರೆತಿರಲಿಲ್ಲ. ಅವನು ಕೊಡುತ್ತಿದ್ದುದು ಅವನಲ್ಲಿದ್ದ ಎಲ್ಲವೂ ಹೌದು, ಅವಳಿಗೂ ಅದು ಗೊತ್ತು.

ಹೊರಗೆ ಮೈಕು ಜೋರಾಯಿತು. "ಸಹೃದಯ ಕಲಾಭಿಮಾನಿಗಳೇ, ಇನ್ನು ಸ್ವಲ್ಪವೇ ಹೊತ್ತಿನಲ್ಲಿ, ದಾವಣಗೆರೆಯ ಸುಪ್ರಸಿದ್ಧ ಕಲಾವಿದೆ ಕುಮಾರಿ ಚಂಪಾ ಅವರು ನಿಮ್ಮ ಮುಂದೆ..."

ಜನ ಚಪ್ಪಾಳೆ ತಟ್ಟಿದರು.

"ಉಟ್ಕಳ್ರಿ," ಎಂದು ಸ್ವಾಮಿ ಸೀರೆಯನ್ನು ಅವಳ ಕೈಗೆ ಇಟ್ಟ.

ಅವಳು ಹಿಡಿಯಲಿಲ್ಲ.

"ಒಲ್ಲೆ," ಎಂದಳು.